ಮದುವೆಗೆಂದು ಕಡಲು ದಾಟಿದವಳ ಪ್ರೇಮಕಥೆಯನ್ನು ಬರೆಯುವ ಬಗೆ

ವಸಾಹತುಗಳಿಗೆ ಮದುವೆಯಾಗಲು ಹೋದ ಹೆಣ್ಣುಮಕ್ಕಳ ಕುರಿತು ಐತಿಹಾಸಿಕ ಪ್ರೇಮಕಾದಂಬರಿ ಬರೆಯುವವರು ಮೊದಲು ಒಂದೇ ನೆಲವನ್ನೂ ಕೆಲವೇ ವರ್ಷಗಳನ್ನೂ ಆರಿಸಿಕೊಳ್ಳಬೇಕು. 1663ರಿಂದ 1673ರವರೆಗೆ ಫ್ರಾನ್ಸಿನ ರಾಜ ಹದಿನಾಲ್ಕನೆಯ ಲೂಯಿಯ ಖರ್ಚಿನಲ್ಲಿ ಅಲ್ಲಿಂದ ಇಂದಿನ ಕೆನಡಾದ ಕ್ವಿಬೆಕ್‌ಗೆ ಹೋದ ಸುಮಾರು 800 ‘ರಾಜನ ಹೆಣ್ಣುಮಕ್ಕಳ’ ಪ್ರಸಂಗ ಇದಕ್ಕೆ ಚೆನ್ನಾಗಿ ಒದಗಿಬರುತ್ತದೆ.

ನಾಯಕಿಯನ್ನು ಅವಳ ರೂಪದಿಂದಲ್ಲ, ಅವಳ ಪೆಟ್ಟಿಗೆಯಿಂದ ಪರಿಚಯಿಸಿ: ಸೂಜಿ, ದಾರ, ಕತ್ತರಿ, ಬಾಚಣಿಗೆ, ಗುಂಡುಸೂಜಿಗಳನ್ನು ಬಿಟ್ಟರೆ ತನ್ನದೆನ್ನಲು ಹೆಚ್ಚೇನೂ ಇಲ್ಲದವಳು ವಾರಗಟ್ಟಲೆ ಹಡಗಿನಲ್ಲಿ ಕುಳಿತು ಏನನ್ನು ನೆನೆದಾಳು ಎಂಬಲ್ಲಿಂದಲೇ ಕಥೆ ಹುಟ್ಟುತ್ತದೆ. ಈ ಹೆಣ್ಣುಮಕ್ಕಳಲ್ಲಿ ಅನೇಕರು ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಶ್ರಯಾಲಯದಿಂದ ಬಂದವರು, ಹಲವರು ತಂದೆಯನ್ನು ಕಳೆದುಕೊಂಡವರು. ಅವರು ವೇಶ್ಯೆಯರೆಂಬ ಹಳೆಯ ಅಪವಾದವನ್ನು ದಯವಿಟ್ಟು ಮತ್ತೆ ಹೊರಿಸಬೇಡಿ. ದಾಖಲೆಗಳು ಅದನ್ನು ಸಮರ್ಥಿಸುವುದಿಲ್ಲ.

ಪ್ರೇಮದ ಬಿಗುವು ಇರುವುದು ಆಯ್ಕೆಯಲ್ಲಿ. ವರನನ್ನು ನಿರಾಕರಿಸುವ ಸ್ವಾತಂತ್ರ್ಯ ಅವಳಿಗಿತ್ತು. ನೋಟರಿಯ ಮುಂದೆ ಮಾಡಿಕೊಂಡ ವಿವಾಹ ಒಪ್ಪಂದವನ್ನು ರದ್ದುಪಡಿಸಿ ಬೇರೊಬ್ಬನನ್ನು ವರಿಸಿದವರೂ ಇದ್ದರು. ಆದ್ದರಿಂದ ಮೊದಲ ಭೇಟಿಯಲ್ಲಿ ಅವಳು ಅವನ ಕಣ್ಣುಗಳನ್ನು ಹೊಗಳುವ ಬದಲು, ‘ನಿಮಗೆ ಸ್ವಂತ ಮನೆಯಿದೆಯೇ?’ ಎಂದು ಕೇಳಲಿ, ಏಕೆಂದರೆ ಆ ಚಳಿಗಾಲವನ್ನು ಸೂರಿಲ್ಲದೆ ದಾಟುವುದು ಸಾಧ್ಯವಿರಲಿಲ್ಲ. ನಾಯಕನು 1665ರಲ್ಲಿ ಬಂದಿಳಿದ ಫ್ರೆಂಚ್ ಸೇನೆಯ ಕಾರಿನ್ಯಾನ್-ಸಾಲಿಯೇರ್ ದಳದ ಸೈನಿಕನಾದರೆ, ಆ ದಳ ಮರುವರ್ಷ ಮೂಲನಿವಾಸಿಗಳಾದ ಮೋಹಾಕ್ ಜನರ ಹಳ್ಳಿಗಳನ್ನೂ ಬೆಳೆಯನ್ನೂ ಸುಟ್ಟದ್ದನ್ನು ಮುಚ್ಚಿಡಬಾರದು. ಅವನ ಮೌನಕ್ಕೆ ಅದೇ ಕಾರಣವಾಗಲಿ, ಅವಳು ಆ ಕಾರಣವನ್ನು ಮದುವೆಯಾದ ಮೇಲೆ, ಮೊದಲ ಹಿಮ ಬಿದ್ದ ರಾತ್ರಿ, ತಾನಾಗಿ ಕೇಳಿ ತಿಳಿಯಲಿ.