ಕಪ್ಪತಗುಡ್ಡದ ಅಂಚಿನ ಊರಿಗೆ ರೆಸಾರ್ಟ್ ಬರುತ್ತದಂತೆ: ಚರ್ಚೆಗೆ ಮುನ್ನ ಮಾಡಬೇಕಾದ ಕೆಲಸ

ಗದಗ ಜಿಲ್ಲೆಯ ಕಪ್ಪತಗುಡ್ಡದ ಅಂಚಿನ ಊರಿಗೆ ರೆಸಾರ್ಟ್ ಬರುವ ಸುದ್ದಿ ಬಂದ ದಿನವೇ ಗುಡಿ ಕಟ್ಟೆಯಲ್ಲಿ ‘ಬೇಕು–ಬೇಡ’ ಶುರುವಾಗುತ್ತದೆ. ಅದಕ್ಕೆ ಮೊದಲು ಸರ್ವೆ ನಂಬರು ಹಿಡಿಯಿರಿ. ನಂಬರಿಲ್ಲದ ಚರ್ಚೆ ಎಷ್ಟು ಜೋರಾದರೂ ಕಡತ ಸೇರುವುದಿಲ್ಲ.

ಆ ನಂಬರಿನ ಉತಾರ (ಪಹಣಿ), ಮ್ಯುಟೇಶನ್ (ಹಕ್ಕು ಬದಲಾವಣೆ) ಪ್ರತಿ, ಗ್ರಾಮ ನಕಾಶೆ ಮೂರನ್ನೂ ತೆಗೆಸಿ. ಉತಾರದಲ್ಲಿ ಮಾಲೀಕರ ಹೆಸರಷ್ಟೇ ನೋಡಿ ಬಿಡಬೇಡಿ. ಗಾಯರಾಣ (ಗೋಮಾಳ) ಜಮೀನೇ? ಪರಿಶಿಷ್ಟರಿಗೆ ಮಂಜೂರಾದದ್ದೇ? ಪರಿಶಿಷ್ಟರಿಗೆ ಮಂಜೂರಾಗಿದ್ದರೆ, ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ನಿಲ್ಲುವುದಿಲ್ಲ. ಬೇಸಾಯದ ಜಮೀನಾದರೆ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆ ಆಗಬೇಕು. ತಕರಾರು ಹಾಕುವುದಿದ್ದರೆ ಆದೇಶ ಹೊರಬೀಳುವ ಮುನ್ನವೇ ಜಿಲ್ಲಾಧಿಕಾರಿ ಕಚೇರಿಗೆ ಮುಟ್ಟಿಸಿ.

ಮುಂದಿನದು ವನ್ಯಜೀವಿ ಧಾಮದ ಗಡಿಯಿಂದ ಆ ಜಮೀನಿಗಿರುವ ಅಂತರ. ಕಪ್ಪತಗುಡ್ಡಕ್ಕೆ 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನ ಸಿಕ್ಕಿತು, 2016ರಲ್ಲಿ ಹೋಯಿತು, ಜನರ ಹೋರಾಟದ ನಂತರ 2017ರಲ್ಲಿ ಮರಳಿತು. 2019ರಲ್ಲಿ 244.15 ಚದರ ಕಿ.ಮೀ. ವನ್ಯಜೀವಿ ಧಾಮವಾಯಿತು. ಆದ್ದರಿಂದ ಹಳೆಯ ನಕಾಶೆ ನಂಬದೆ 2019ರ ಅಧಿಸೂಚನೆಯ ಗಡಿ ವಿವರವನ್ನೇ ಕೇಳಿ ಪಡೆಯಿರಿ. ಅಳತೆ ಧಾಮದ ಗಡಿಯಿಂದ, ನೇರ ಗೆರೆಯಲ್ಲಿ. ರಸ್ತೆ ಸುತ್ತಿ ಎಷ್ಟು ದೂರ, ಗುಡ್ಡದ ಬುಡದಿಂದ ಎಷ್ಟು ದೂರ ಎಂಬ ಲೆಕ್ಕ ಇಲ್ಲಿ ನಡೆಯದು. ನಿಂತ ಜಾಗದ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ಅಂದಾಜಿಗೆ ಸಾಕು, ದಾವೆಗೆ ಸಾಲದು. ಗಡಿ ತಂಟೆ ಇದ್ದರೆ ಹದ್ದುಬಸ್ತಿಗೆ (ಸರ್ಕಾರಿ ಗಡಿ ಅಳತೆಗೆ) ಅರ್ಜಿ ಕೊಡಿಸಿ.

ಧಾಮದ ಸುತ್ತ ಗುರುತಿಸುವ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಧಾಮದ ಗಡಿಯಿಂದ 1 ಕಿ.ಮೀ. ಅಥವಾ ವಲಯದ ಅಂಚು, ಯಾವುದು ಹತ್ತಿರವೋ ಅಲ್ಲಿಯವರೆಗೆ ಹೊಸ ವಾಣಿಜ್ಯ ಹೋಟೆಲು, ರೆಸಾರ್ಟ್ ಕೂಡದು. ಪರಿಸರ ಪ್ರವಾಸೋದ್ಯಮದ ಸಣ್ಣ ತಾತ್ಕಾಲಿಕ ಕಟ್ಟಡಗಳಿಗೆ ಮಾತ್ರ ವಿನಾಯಿತಿ. ಅಂಥ ಅಧಿಸೂಚನೆಯ ಕರಡು ಹೊರಬಿದ್ದರೆ ಆಕ್ಷೇಪಣೆಗೆ 60 ದಿನ.

ಹೆಚ್ಚಿನ ಊರುಗಳು ಎಡವುವುದು ಸಾರ್ವಜನಿಕ ವಿಚಾರಣೆ ಬರುತ್ತದೆಂದು ಕಾಯ್ದು. ಬರುವುದಿಲ್ಲ. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯಲ್ಲಿ 20,000 ಚದರ ಮೀಟರಿಗಿಂತ ಕಡಿಮೆ ಕಟ್ಟಡಕ್ಕೆ ಪರಿಸರ ಅನುಮತಿಯೇ ಬೇಡ. ಅದಕ್ಕಿಂತ ದೊಡ್ಡದಾದರೂ ಕಟ್ಟಡ ಯೋಜನೆಗಳಿಗೆ ವಿಚಾರಣೆಯಿಂದ ವಿನಾಯಿತಿ. ಊರಿಗೆ ಉಳಿಯುವ ವೇದಿಕೆ ಗ್ರಾಮಸಭೆ.

ಸಭೆಗೆ ನೀರಿನ ಲೆಕ್ಕ ಒಯ್ಯಿರಿ. ಪರ–ವಿರೋಧ ಇಬ್ಬರೂ ಒಪ್ಪುವ ಭಾಷೆ ಅದೊಂದೇ. ಹೋಟೆಲಿಗೆ ಭಾರತೀಯ ಮಾನಕದ ಅಂದಾಜು ತಲೆಗೆ ದಿನಕ್ಕೆ 180 ಲೀಟರ್. 50 ಕೋಣೆ, 100 ಜನ ಎಂದರೆ 18,000 ಲೀಟರ್. ಜಲಜೀವನ್ ಮಿಷನ್ನಿನ 55 ಲೀಟರಿನಂತೆ ಇದು ಸುಮಾರು 327 ಜನರ ಪಾಲು. 10 ಮೀಟರ್ ಉದ್ದ, 5 ಮೀಟರ್ ಅಗಲ, 1.2 ಮೀಟರ್ ಆಳದ ಈಜುಕೊಳ ತುಂಬಲು ಮತ್ತೆ 60,000 ಲೀಟರ್, ಹುಲ್ಲುಹಾಸು ಬೇರೆ. ಬಳಸಿದ ನೀರಿನ ಸುಮಾರು ಶೇ 80 ಕೊಳಚೆಯಾಗಿ ಹೊರಬರುತ್ತದೆ, ಅದು ಯಾವ ಹಳ್ಳಕ್ಕೆ ಎಂದು ಕೇಳಿ. ಬೋರ್‌ವೆಲ್ ಎಷ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಇದೆಯೇ, ರಾತ್ರಿ ದೀಪ–ಡಿಜೆ ಎಷ್ಟು ಗಂಟೆವರೆಗೆ, ಬೇಸಿಗೆಯಲ್ಲಿ ಕ್ಯಾಂಪ್‌ಫೈರ್ ಉಂಟೇ? ಒಣಹುಲ್ಲಿನ ಗುಡ್ಡಕ್ಕೆ ಕಿಡಿಯೊಂದೇ ಸಾಕು. ನೌಕರಿಯ ಮಾತಿಗೂ ಕಾಗದ ಕೇಳಿ: ಎಷ್ಟು ಹುದ್ದೆ, ಕಾಯಮ್ಮೋ ಗುತ್ತಿಗೆಯೋ, ಪಗಾರ ಎಷ್ಟು. ಕೆಲಸ ಬೇಕೆನ್ನುವ ಹುಡುಗರನ್ನು ‘ಮಾರಿಕೊಂಡವರು’ ಎಂದು ಕರೆದರೆ ಊರು ಒಡೆಯುತ್ತದೆ, ಲಾಭ ಕಂಪನಿಗೆ.

ಜೋಳದ ಸುಗ್ಗಿಯಲ್ಲಿ, ಕುರಿಗಾರರು ಮಂದೆ ಹೊಡೆದುಕೊಂಡು ಹೋದ ತಿಂಗಳಲ್ಲಿ ಸಭೆ ಇಡಬೇಡಿ. ಗುಡ್ಡದ ದಾರಿ ಮುಚ್ಚಿದರೆ ಮೊದಲು ಬಾಧೆ ಅವರಿಗೇ. ವಾರ್ಡ್ ಸಭೆ ಮುಗಿಸಿ, ಡಂಗುರ ಸಾರಿಸಿ, ಕೂಲಿ ಮುಗಿದ ಹೊತ್ತಿಗೆ ಕರೆಯಿರಿ.

ಠರಾವು ‘ರೆಸಾರ್ಟ್ ಬೇಡ’ ಎಂಬ ಒಂದೇ ಸಾಲಿನದಾದರೆ ಮೂಲೆ ಸೇರುತ್ತದೆ. ಸರ್ವೆ ನಂಬರು, ಗಡಿಯಿಂದ ಅಂತರ, ನೀರಿನ ಲೆಕ್ಕ, ಷರತ್ತುಗಳು, ಪರ–ವಿರೋಧದ ಮತ ಎಲ್ಲವೂ ಇರಲಿ. ಖಾಲಿ ಹಾಳೆಗೆ ಯಾರೂ ಸಹಿ ಹಾಕಬಾರದು. ದೃಢೀಕೃತ ಪ್ರತಿಯನ್ನು ಜಿಲ್ಲಾಧಿಕಾರಿ, ಅರಣ್ಯ ಇಲಾಖೆ, ಮಾಲಿನ್ಯ ಮಂಡಳಿಗೆ ಕೊಟ್ಟು ಸ್ವೀಕೃತಿ ಮುದ್ರೆ ಒತ್ತಿಸಿಕೊಳ್ಳಿ.

ಕಡತ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: 10 ರೂಪಾಯಿ, ಒಂದೇ ವಿಷಯ, 150 ಪದ ಮೀರದಂತೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಷ್ಟರಲ್ಲಿ ಜೆಸಿಬಿ ಇಳಿದರೆ ದಿನಾಂಕ ಸಹಿತ ಫೋಟೊ ತೆಗೆದಿಡಿ. ಹಸಿರು ನ್ಯಾಯಮಂಡಳಿಗೆ ಹೋಗಲು ತಂಟೆಯ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳು. ಕರ್ನಾಟಕದ ಅರ್ಜಿಗಳು ಚೆನ್ನೈ ಪೀಠಕ್ಕೆ.