ಮಕ್ಕಳ ಪುಸ್ತಕಕ್ಕೆ ಚಿತ್ರ: ಬಣ್ಣಕ್ಕೆ ಮೊದಲು ಡಮ್ಮಿ

ಲೇಖಕರು ಕತೆ ಕೊಟ್ಟ ಕೂಡಲೇ ಬಣ್ಣದ ಡಬ್ಬಿ ತೆರೆಯಬೇಡಿ. ಮೊದಲು ಪುಟ ಎಣಿಸಿ. ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. ಚಿತ್ರಪುಸ್ತಕಕ್ಕೆ 32 ಒಳ್ಳೆಯ ಅಳತೆ. 1ನೇ ಪುಟ ಶೀರ್ಷಿಕೆಗೆ, 2 ಪ್ರಕಾಶನದ ವಿವರಕ್ಕೆ ಹೋದರೆ ಕತೆ 3ರಲ್ಲಿ ಶುರುವಾಗಿ, 4ರಿಂದ 31ರವರೆಗೆ 14 ಜೋಡಿಪುಟಗಳಲ್ಲಿ ಸಾಗಿ, 32ರಲ್ಲಿ ಮುಗಿಯುತ್ತದೆ. ಹಾಗಾಗಿ ಕತೆಯನ್ನು 16 ತುಂಡು ಮಾಡಿ. 'ಬಾಗಿಲ ಹಿಂದೆ ಯಾರು?' ಎನ್ನುವಂಥ ಸಾಲು ಬಲಪುಟದ ಕೊನೆಗೆ ಬರಲಿ. ಉತ್ತರ ಪುಟ ತಿರುವಿದ ಮೇಲೆ ಸಿಗಲಿ.

ಎಂಟು ಎ4 ಹಾಳೆಗಳನ್ನು ಅರ್ಧಕ್ಕೆ ಮಡಚಿ, ಒಂದರೊಳಗೊಂದು ಸೇರಿಸಿ ಪಿನ್ ಹೊಡೆಯಿರಿ: ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ, ಸಿದ್ಧ. ಅದರಲ್ಲಿ ಬರೀ ಪೆನ್ಸಿಲ್ ಸ್ಕೆಚ್. ಪಠ್ಯವನ್ನು ಪ್ರಿಂಟ್ ತೆಗೆದು, ಕತ್ತರಿಸಿ, ಅದರದರ ಜಾಗದಲ್ಲಿ ಅಂಟಿಸಿ. ಈ ಕೆಲಸ ಖಂಡಿತ ಬಿಡಬೇಡಿ. 'ಅಜ್ಜಿ ಬುಟ್ಟಿ ಎತ್ತಿದಳು' ಎಂಬಷ್ಟು ಚಿಕ್ಕ ಸಾಲಿನಲ್ಲೇ ಮೂರು ಒತ್ತು ಕೆಳಗೆ ಇಳಿದಿವೆ. 18 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 28 ಪಾಯಿಂಟ್ ಆದರೂ ಬೇಕು. ಬಿಗಿ ಮಾಡಿದರೆ ಮೇಲಿನ ಒತ್ತು ಕೆಳಗಿನ ಅಕ್ಷರಕ್ಕೆ ತಾಗಿ, ಕೂಡಿಸಿ ಓದುವ ಮಗು ಅಲ್ಲೇ ತಡವರಿಸುತ್ತದೆ. ಈ ಜಾಗವನ್ನು ಮೊದಲೇ ಬಿಡದಿದ್ದರೆ ಅಕ್ಷರಗಳು ಕೊನೆಗೆ ಪಾತ್ರದ ಮುಖದ ಮೇಲೆ ಬಂದು ಕೂರುತ್ತವೆ.

ಮಾತು ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಪುಟ ಸಪ್ಪೆ. 'ಪುಟ್ಟಿ ಅಜ್ಜಿಯ ಸೆರಗಿನ ಹಿಂದೆ ಅಡಗಿದಳು' ಎಂದಿದ್ದರೆ ಅಳುಮುಖ ಬೇಡ. ಸೆರಗಿನಡಿ ಇಣುಕುವ ಮುದುರಿದ ಕಾಲ್ಬೆರಳು, ಜಾರಿದ ಗೆಜ್ಜೆ ಸಾಕು. ಕತೆ ಯಾವ ಸೀಮೆಯದು ಎಂದು ಲೇಖಕರನ್ನು ಕೇಳಿ. ಬಾಗಲಕೋಟೆ ಕಡೆಯ ಅಜ್ಜಿಯಾದರೆ ಇಳಕಲ್ ಸೀರೆ, ಕೆಂಪು ಸೆರಗಿನಲ್ಲಿ ಗೋಪುರದ ಸಾಲಿನಂಥ ಬಿಳಿಯ ತೋಪ್‌ತೆನೆ, ಮಣ್ಣಿನ ಮಾಳಿಗೆ ಮನೆ. ಅವಳನ್ನು ಮಲೆನಾಡಿನ ಹೆಂಚಿನ ಮನೆಯ ಜಗಲಿಯಲ್ಲಿ ಕೂರಿಸಿದರೆ ಆ ಕಡೆಯ ಮಕ್ಕಳು ಕೂಡಲೇ ಗುರುತು ಹಿಡಿಯುತ್ತಾರೆ. ಪಾತ್ರಗಳನ್ನೆಲ್ಲ ಒಂದೇ ಗೆರೆಯ ಮೇಲೆ ನಿಲ್ಲಿಸಿದ ಅಳತೆಯ ಹಾಳೆಯೊಂದು ಗೋಡೆಯ ಮೇಲಿರಲಿ. ಇಲ್ಲದಿದ್ದರೆ 7ನೇ ಪುಟದಲ್ಲಿ ಅಜ್ಜಿಯ ಸೊಂಟದಷ್ಟಿದ್ದ ಪುಟ್ಟಿ 20ಕ್ಕೆ ಬರುವಾಗ ಭುಜ ಮುಟ್ಟಿರುತ್ತಾಳೆ.

ಡಮ್ಮಿಗೆ ಲೇಖಕರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಸ್ಕೆಚ್‌ನಲ್ಲಿ ಎರಡು ಸುತ್ತು ತಿದ್ದುಪಡಿ ಉಚಿತ, ಬಣ್ಣವಾದ ಮೇಲೆ ಪ್ರತಿ ಬದಲಾವಣೆಗೂ ದರ. ಸಂಭಾವನೆಯ ಮೂರನೇ ಒಂದು ಪಾಲು ಮುಂಗಡ, ಡಮ್ಮಿ ಒಪ್ಪಿದಾಗ ಇನ್ನೊಂದು ಪಾಲು, ಫೈಲ್ ಕೊಡುವಾಗ ಉಳಿದದ್ದು. ಇವೆಲ್ಲ ಕೆಲಸ ಹಿಡಿಯುವಾಗಲೇ ಕರಾರಿನಲ್ಲಿ ಬರಬೇಕು. ಹಕ್ಕಿನ ಮಾತಂತೂ ಮರೆಯಲೇಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ವರ್ಣಚಿತ್ರಕ್ಕೆ ಬೇರೆ ಒಪ್ಪಂದವಿಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರು. ಹಕ್ಕು ನಿಮ್ಮಲ್ಲೇ ಉಳಿಯಬೇಕಿದ್ದರೆ ಹಾಗೆಂದು ಬರೆಸಿಕೊಳ್ಳಿ. ಯಾವ ಭಾಷೆ, ಎಷ್ಟು ವರ್ಷ ಎಂಬುದನ್ನೂ ಸೇರಿಸಿ.

ಇನ್ನು ಬಣ್ಣ. ಕತ್ತರಿಸುವ ಅಂಚಿನಾಚೆಗೆ ಎಲ್ಲ ಕಡೆ 3 ಮಿ.ಮೀ. ಚಿತ್ರ ಹೆಚ್ಚಿಗೆ ಹರಡಿರಲಿ, ಇಲ್ಲದಿದ್ದರೆ ಕಟಿಂಗ್ ಕೊಂಚ ಸರಿದರೂ ಬಿಳಿ ಗೆರೆ ಕಾಣುತ್ತದೆ. ಮಡಿಕೆಯಿಂದ 15 ಮಿ.ಮೀ. ಒಳಗೆ ಕಣ್ಣು, ಕೈ ಬೇಡ. ಅಸಲಿ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲಿ. ಪಠ್ಯವನ್ನು ಚಿತ್ರದೊಳಗೆ ಸೇರಿಸದೆ ಬೇರೆ ಪದರದಲ್ಲಿಡಿ, ಅನುವಾದದ ಆವೃತ್ತಿಗೆ ಚಿತ್ರ ಹಾಗೇ ಬಳಕೆಗೆ ಬರುತ್ತದೆ. ಪರದೆಯ ಮೇಲೆ ಮಿನುಗುವ ಎಳೆಹಸಿರು ಸಿಎಂವೈಕೆಯಲ್ಲಿ, ಅಂದರೆ ಮುದ್ರಣದ ನಾಲ್ಕು ಶಾಯಿಗಳಲ್ಲಿ, ಮಂಕಾಗುತ್ತದೆ. ಅದಕ್ಕೇ ಒಂದೇ ಒಂದು ಜೋಡಿಪುಟ ಮುಗಿಸಿ, ಪುಸ್ತಕಕ್ಕೆ ಬಳಸುವ ಕಾಗದದ ಮೇಲೇ ಪ್ರೆಸ್ಸಿನಲ್ಲಿ ಪ್ರೂಫ್ ತೆಗೆಸಿ, ಹಗಲು ಬೆಳಕಿನಲ್ಲಿ ಲೇಖಕರೊಂದಿಗೆ ಕೂತು ನೋಡಿ. ಉಳಿದ ಪುಟಗಳಿಗೆ ಕೈ ಹಾಕುವುದು ಆಮೇಲೆ.