ನೆತ್ತಿಯ ಗಾಯ ಒಣಗಲು ಬಿಡಲಿಲ್ಲ

ಹುಟ್ಟುವಾಗಲೇ ನೆತ್ತಿಯ ಚರ್ಮ ಇಲ್ಲದ ಮಗು. ‘ತಡ ಮಾಡಬೇಡಿ, ಫ್ಲ್ಯಾಪ್ ಹಾಕಿ’, ಅಂದರೆ ಪಕ್ಕದ ಚರ್ಮ ಸರಿಸಿ ಮುಚ್ಚಿ ಎಂದು ಮಂಡ್ಯದ ಡಾಕ್ಟರ್ ಸ್ನೇಹಿತರೆಲ್ಲ ಹೇಳಿದರು. ನಾನು ಹಾಕಲಿಲ್ಲ. ಹತ್ತು-ಹನ್ನೊಂದು ವಾರದಲ್ಲಿ ಗಾಯ ಮುಚ್ಚಿತು. ಈಗ ಅವರೇ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ.

ಇದಕ್ಕೂ ಮೊದಲು ಇಂಥದೇ ಇನ್ನೊಂದು ಮಗುವಿನಲ್ಲಿ ಒಮ್ಮೆ ಸೋತಿದ್ದೆ. ಏಳೆಂಟು ವರ್ಷದ ಹಿಂದಿನ ಮಾತು. ಗಾಯ ಒಣಗಿದರೆ ಒಳ್ಳೇದಲ್ವಾ ಅಂದುಕೊಂಡು ತೆರೆದೇ ಬಿಟ್ಟೆ. ಕಪ್ಪು ಹಕ್ಕಳೆ ಕಟ್ಟಿತು. 12ನೇ ದಿನವೋ ಏನೋ, ನಡುರಾತ್ರಿ ಅದು ಬಿರಿಯಿತು. ಕೆಳಗೇ ಸಜಿಟಲ್ ಸೈನಸ್, ಮೆದುಳಿನ ರಕ್ತ ಹೊತ್ತೊಯ್ಯುವ ದೊಡ್ಡ ನಾಳ. ಹಾಸಿದ ಬಟ್ಟೆಯೆಲ್ಲ ತೊಯ್ದಿತ್ತು. ಎರಡೂವರೆ ಕೆಜಿ ಮಗುವಿನ ಮೈಯಲ್ಲಿ ಇರೋದೇ ಸುಮಾರು 200 ಮಿಲಿ ರಕ್ತ. ಬ್ಲಡ್ ಬ್ಯಾಂಕಿನಿಂದ ಬಾಟಲಿ ಬರುವವರೆಗೂ ಹೆಬ್ಬೆರಳು ಒತ್ತಿ ಹಿಡಿದು ನಿಂತಿದ್ದೆ. ಮಗು ಉಳಿಯಿತು.

ಈ ಮಗುವಿನ ಗಾಯ ಸುಮಾರು 5 ಸೆಂಟಿಮೀಟರ್. ನಡುವೆ ನಾಣ್ಯದಷ್ಟು ಜಾಗದಲ್ಲಿ ಮೂಳೆಯೂ ಇರಲಿಲ್ಲ. ತೆಳ್ಳಗಿನ ಪೊರೆ ಎದೆಬಡಿತದ ಜೊತೆ ಏಳುತ್ತಾ ಇಳಿಯುತ್ತಾ ಇತ್ತು. ಒಂದು ಗಂಟೆಯೂ ಒಣಗಬಾರದು ಅಂತ ಹಟ ಹಿಡಿದೆ. ವ್ಯಾಸಲೀನ್ ಸವರಿದ ಗಾಜ್ ಬಟ್ಟೆ, ಅದರ ಮೇಲೆ ಸಲೈನ್‌ನಲ್ಲಿ ಅದ್ದಿದ ಗಾಜ್, ಮೇಲೊಂದು ಟೋಪಿ. ಅದು ಜಾರದ ಹಾಗೆ ಕಟ್ಟುವ ಬಗೆ ನನ್ನದೇ, ಎದುರು ಬಂದರೆ ತೋರಿಸುತ್ತೇನೆ. ಸುಟ್ಟಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಮುಟ್ಟಲಿಲ್ಲ, ಎಳೆ ಮಗುವಿಗೆ ಸಲ್ಫಾದಿಂದ ಕಾಮಾಲೆ ಮೆದುಳಿಗೇರುವ ಭಯ. ಗಾಯದ ಕ್ರಿಮಿ ಕೊಲ್ಲುವ ಪೊವಿಡೋನ್ ಅಯೋಡಿನ್ ಕೂಡ ಬೇಡವೆಂದೆ, ಅದು ಒಳಗಿಳಿದರೆ ಥೈರಾಯ್ಡ್ ಕುಗ್ಗುತ್ತದೆ. ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಸೋಂಕಿನ ಹೆದರಿಕೆಗೆ ನಾಲ್ಕು ಗಂಟೆಗೊಮ್ಮೆ ಜ್ವರ ನೋಡಿಸಿದೆ.

ಖರ್ಚಿನ ವಿಷಯ. ಗಾಯಕ್ಕೆ ಹಾಕುವ ಹೊರಗಿನ ರೆಡಿ ಶೀಟ್ ಒಂದಕ್ಕೆ 800-900 ರೂಪಾಯಿ. ಕೂಲಿ ಮಾಡುವ ಮನೆಯವರು ಎಲ್ಲಿಂದ ತರುತ್ತಾರೆ? ಹಬೆಯಿಂದ ಕ್ರಿಮಿ ಕೊಲ್ಲುವ ನಮ್ಮ ಆಟೋಕ್ಲೇವ್‌ನಲ್ಲೇ ಮಾಡಿದ ವ್ಯಾಸಲೀನ್ ಗಾಜ್‌ಗೆ 10-15 ರೂಪಾಯಿ ಬಿತ್ತು. ಆರು ಸಾವಿರದೊಳಗೆ ಡ್ರೆಸ್ಸಿಂಗೆಲ್ಲ ಮುಗಿಯಿತು.

ಇದೇ ಗುಂಗಿನಲ್ಲಿ, ಸುಟ್ಟಗಾಯದ ದೊಡ್ಡವರಿಗೆ, ಗಾಯಕ್ಕೆ ಕಸಿ ಮಾಡಲು ಚರ್ಮ ತೆಗೆದ ತೊಡೆಯ ಮೇಲೆ ಆಟೋಕ್ಲೇವ್ ಮಾಡಿದ ಬಾಳೆಲೆ ಹಾಕಿ ನೋಡಿದೆ. ಅಂಟುವುದಿಲ್ಲ, ಬಿಚ್ಚುವಾಗ ನೋವೂ ಇಲ್ಲ. ಆದರೆ ದಿನಾ ಬದಲಿಸಬೇಕು. ಮಗುವಿನ ನೆತ್ತಿಗೆ ಹಾಕುವ ಧೈರ್ಯ ಬರಲಿಲ್ಲ.

ಮೊನ್ನೆ ಮಗುವನ್ನು ಅಜ್ಜಿ ಕರೆದುಕೊಂಡು ಬಂದಿದ್ದರು. ‘ನಂಜನಗೂಡಲ್ಲಿ ಮುಡಿ ಕೊಡಬೋದಾ ಡಾಕ್ಟ್ರೇ?’ ಅಂದರು. ಕೂದಲಿಲ್ಲದ ಆ ತೆಳು ಕಲೆಯನ್ನು ಬೆರಳಲ್ಲಿ ಮುಟ್ಟಿಸಿ ತೋರಿಸಿದೆ. ಕೆಳಗೆ ಮೂಳೆ ಇನ್ನೂ ಪೂರ್ತಿ ಕೂಡಿಲ್ಲ. ‘ಕತ್ತಿ ಬೇಡಮ್ಮ, ಪಕ್ಕದ ಒಂದು ಎಳೆ ಕತ್ತರಿಸಿ ಕೊಡಿ’ ಅಂದೆ. ಅಜ್ಜಿ ಒಪ್ಪಿದರು.